ಡೆವಲಪ್‌ಮೆಂಟ್ ಬೋರ್ಡ್‌ನಲ್ಲಿ ಚೆನ್ನಾಗಿದ್ದ ವೈಫೈ ನನ್ನ ಬೋರ್ಡ್‌ನಲ್ಲಿ ಯಾಕೆ ಸೊರಗಿತು?

ಪ್ರಶ್ನೆ: ಮಣ್ಣಿನ ತೇವ ಅಳೆದು ವೈಫೈ ಮೂಲಕ ಕಳಿಸುವ ಒಂದು ಸಣ್ಣ ಸಾಧನ ಮಾಡುತ್ತಿದ್ದೇನೆ. ವೈಫೈ ಮತ್ತು ಆಂಟೆನಾ ಒಳಗೇ ಇರುವ ಇಎಸ್‌ಪಿ32 ವ್ರೂಮ್-32ಇ ಮಾಡ್ಯೂಲ್ ಬಳಸಿದ್ದೇನೆ. ಡೆವಲಪ್‌ಮೆಂಟ್ ಬೋರ್ಡ್‌ನಲ್ಲಿ (ಪ್ರಯೋಗಕ್ಕೆ ಅಂತಲೇ ಸಿಗುವ ಸಿದ್ಧ ಬೋರ್ಡ್) ಪ್ರಯೋಗ ಮಾಡುವಾಗ ರೌಟರ್‌ನಿಂದ ಸುಮಾರು 30 ಮೀಟರ್ ದೂರದಲ್ಲೂ ಸಿಗ್ನಲ್ ಸಿಗುತ್ತಿತ್ತು. ಈಗ 50×40 ಮಿಲಿಮೀಟರ್ ಅಳತೆಯ ಎರಡು ಪದರದ ಬೋರ್ಡ್ ನಾನೇ ವಿನ್ಯಾಸ ಮಾಡಿ ಮಾಡಿಸಿದೆ. ಕನೆಕ್ಟರ್‌ಗಳು ಅಂಚಿಗೆ ಬಂದಿದ್ದರಿಂದ ಮಾಡ್ಯೂಲ್ ನಡುವೆ ಕೂತಿದೆ. ಖಾಲಿ ಜಾಗಕ್ಕೆಲ್ಲ ಗ್ರೌಂಡ್ ತಾಮ್ರ ತುಂಬಿದ್ದೇನೆ. ಒಂದು ಲಿಥಿಯಂ ಸೆಲ್ ಮತ್ತು ವೋಲ್ಟೇಜನ್ನು 3.3ಕ್ಕೆ ಇಳಿಸಿ ಸ್ಥಿರವಾಗಿಡುವ ಎಎಂಎಸ್1117 ರೆಗ್ಯುಲೇಟರ್‌ನಿಂದ ಪವರ್. 3 ಮೀಟರ್ ದಾಟಿದರೆ ಸಂಪರ್ಕ ಕಡಿದುಹೋಗುತ್ತದೆ. ಕೆಲವು ಸಲ ವೈಫೈ ಶುರುವಾಗುತ್ತಿದ್ದಂತೆ ರೀಸೆಟ್ ಆಗುತ್ತದೆ. ಮಾಡ್ಯೂಲ್ ಬದಲಾಯಿಸಿ ನೋಡಿದೆ, ಅದೇ ಕಥೆ. ಪ್ರಸಾರದ ಪವರ್ ಜಾಸ್ತಿ ಮಾಡಲೇ? ಅಥವಾ ಹೊರಗಿನ ಆಂಟೆನಾ ಹಾಕಲೇ?

ಉತ್ತರ: ಎರಡೂ ಈಗಲೇ ಬೇಡ. ನಿಮ್ಮ ಮಾಡ್ಯೂಲ್ ಚೆನ್ನಾಗಿಯೇ ಇದೆ. ಅದಕ್ಕೆ ಉಸಿರಾಡಲು ಜಾಗ ಸಿಕ್ಕಿಲ್ಲ, ಜೊತೆಗೆ ಹೊಟ್ಟೆಗೂ ಸಾಕಷ್ಟು ಸಿಗುತ್ತಿಲ್ಲ. ಇವು ಎರಡು ಬೇರೆ ಬೇರೆ ತೊಂದರೆಗಳು. ದೂರ ಕಮ್ಮಿಯಾದದ್ದು ಆಂಟೆನಾದಿಂದ, ರೀಸೆಟ್ ಆಗುತ್ತಿರುವುದು ಪವರ್‌ನಿಂದ. ಒಂದೇ ಬೋರ್ಡ್‌ನಲ್ಲಿ ಎರಡೂ ಸೇರಿಕೊಂಡಿದ್ದರಿಂದ ಕಾರಣ ಒಂದೇ ಅಂತ ಅನ್ನಿಸಿದೆ. ಬಿಡಿಸಿ ನೋಡೋಣ.

ಮೊದಲು ದೂರದ ಲೆಕ್ಕ. ಬಯಲಿನಲ್ಲಿ ಸಿಗ್ನಲ್ 6 ಡೆಸಿಬಲ್ ಕಮ್ಮಿಯಾದರೆ ತಲುಪುವ ದೂರ ಅರ್ಧಕ್ಕೆ ಇಳಿಯುತ್ತದೆ. 20 ಡೆಸಿಬಲ್ ಕಮ್ಮಿಯಾದರೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. 30 ಮೀಟರ್ ಇದ್ದದ್ದು 3 ಮೀಟರ್ ಆಗಿದೆ ಎಂದರೆ ನಿಮ್ಮ ಬೋರ್ಡ್ ಸುಮಾರು 20 ಡೆಸಿಬಲ್ ನುಂಗುತ್ತಿದೆ. ಅಂದರೆ ನೂರು ಪಾಲು ಶಕ್ತಿಯಲ್ಲಿ ಒಂದೇ ಪಾಲು ಹೊರಗೆ ಹೋಗುತ್ತಿದೆ. ಇದನ್ನು ಸಾಫ್ಟ್‌ವೇರ್‌ನಿಂದ ತುಂಬಿಕೊಡಲು ಆಗುವುದಿಲ್ಲ. ಈ ಮಾಡ್ಯೂಲ್‌ನ ಪ್ರಸಾರ ಶಕ್ತಿ ಹೆಚ್ಚೆಂದರೆ 20 ಡಿಬಿಎಂ ಹತ್ತಿರ, ಅಂದರೆ ಸುಮಾರು 100 ಮಿಲಿವ್ಯಾಟ್. ನೀವೇನೂ ಇಳಿಸಿಲ್ಲದಿದ್ದರೆ ಅದು ಈಗಾಗಲೇ ಅಲ್ಲೇ ಇದೆ. ಇನ್ನೊಂದು ವಿಷಯವನ್ನು ತುಂಬ ಜನ ಮರೆಯುತ್ತಾರೆ. ಆಂಟೆನಾ ಕಳಿಸುವಾಗ ಎಷ್ಟು ಕೆಟ್ಟದಾಗಿರುತ್ತದೋ, ಕೇಳಿಸಿಕೊಳ್ಳುವಾಗಲೂ ಅಷ್ಟೇ ಕೆಟ್ಟದಾಗಿರುತ್ತದೆ. ನೀವು ಗಂಟಲು ಹರಿದುಕೊಂಡು ಕೂಗಿದರೂ ರೌಟರ್ ಕೊಡುವ ಉತ್ತರ ನಿಮ್ಮ ಕಿವಿಗೆ ಬೀಳಬೇಕಲ್ವಾ?

ಈಗ ತಾಮ್ರದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಮುಖ್ಯ ಸಂಗತಿ ಇದೇ.

ಮಾಡ್ಯೂಲ್‌ನ ಒಂದು ತುದಿಯಲ್ಲಿ ಹಾವಿನ ಹಾಗೆ ಸುತ್ತಿದ ತಾಮ್ರದ ಗೆರೆ ಕಾಣುತ್ತದೆ. ನಾವು ಅದನ್ನೇ ಆಂಟೆನಾ ಅನ್ನುತ್ತೇವೆ. ನಿಜ ಹೇಳಬೇಕೆಂದರೆ ಅದು ಅರ್ಧ ಆಂಟೆನಾ ಮಾತ್ರ. ಉಳಿದ ಅರ್ಧ ನಿಮ್ಮ ಬೋರ್ಡ್‌ನ ಗ್ರೌಂಡ್ ತಾಮ್ರ. ಆ ಗೆರೆಯಲ್ಲಿ ಕರೆಂಟ್ ಒಂದು ಕಡೆ ಹರಿದರೆ, ಅದಕ್ಕೆ ಜೋಡಿಯಾಗಿ ಗ್ರೌಂಡ್‌ನಲ್ಲೂ ಕರೆಂಟ್ ಹರಿಯುತ್ತದೆ. ಎರಡೂ ಸೇರಿ ಗಾಳಿಗೆ ಅಲೆ ಬಿಡುತ್ತವೆ. ಹಾಗಾಗಿ ರೇಡಿಯೊ ಮಾಡ್ಯೂಲ್ ಎಂದರೆ ಒಂದು ರೆಸಿಸ್ಟರ್ ಅಥವಾ ಚಿಪ್‌ನ ಹಾಗೆ ಎಲ್ಲಿ ಬೇಕಾದರೂ ಕೂರಿಸುವ ಬಿಡಿಭಾಗ ಅಲ್ಲ. ಅದನ್ನು ಕೂರಿಸಿದ ಕ್ಷಣದಿಂದ ನಿಮ್ಮ ಇಡೀ ಬೋರ್ಡ್, ಅದರ ಸೆಲ್, ಅದರ ಡಬ್ಬಿ ಎಲ್ಲವೂ ಆಂಟೆನಾದ ಭಾಗವೇ.

ಗ್ರೌಂಡ್ ಬೇಕು ಅಂದಮೇಲೆ ಆಂಟೆನಾ ಕೆಳಗೂ ತಾಮ್ರ ಇದ್ದರೆ ಒಳ್ಳೆಯದಲ್ಲವೇ ಅಂತ ಕೇಳಬಹುದು. ಅಲ್ಲ, ಅಲ್ಲೇ ಎಡವಟ್ಟಾಗುವುದು. ಗ್ರೌಂಡ್ ಆಂಟೆನಾದ ಪಕ್ಕದಲ್ಲಿ ಇರಬೇಕು, ಕೆಳಗಲ್ಲ. ಗೆರೆಯ ಕೆಳಗೆ ಒಂದೂವರೆ ಮಿಲಿಮೀಟರ್ ಅಂತರದಲ್ಲಿ ತಾಮ್ರದ ಹಾಳೆ ಇದ್ದರೆ, ಮೇಲಿನ ಕರೆಂಟ್‌ಗೆ ಎದುರಾಗಿ ಕೆಳಗೆ ಉಲ್ಟಾ ದಿಕ್ಕಿನ ಕರೆಂಟ್ ಹುಟ್ಟುತ್ತದೆ. ದೂರದಿಂದ ನೋಡಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಜೊತೆಗೆ ಆಂಟೆನಾಕ್ಕೂ ಗ್ರೌಂಡ್‌ಗೂ ನಡುವೆ ಕೆಪಾಸಿಟನ್ಸ್ ಹೆಚ್ಚಿ ಅದರ ಶ್ರುತಿ ಕೆಡುತ್ತದೆ. 2.4 ಗಿಗಾಹರ್ಟ್ಸ್‌ಗೆ ಹೊಂದಿಸಿದ ಆಂಟೆನಾ ಅದಕ್ಕಿಂತ ಕೆಳಗಿನ ಯಾವುದೋ ಆವರ್ತನಕ್ಕೆ ಜಾರಿಹೋಗುತ್ತದೆ. ಬಂದ ಶಕ್ತಿಯಲ್ಲಿ ಬಹುಪಾಲು ವಾಪಸ್ ಚಿಪ್ ಕಡೆಗೇ ತಿರುಗುತ್ತದೆ. ವೀಣೆಯ ತಂತಿಗೆ ಬೆರಳು ಒತ್ತಿಟ್ಟು ಮೀಟಿದ ಹಾಗೆ. ತಂತಿ ಸರಿಯಿದೆ, ಮೀಟುವ ಕೈ ಸರಿಯಿದೆ, ನಾದ ಮಾತ್ರ ಹೊರಡುವುದಿಲ್ಲ.

ನೀವು ಖಾಲಿ ಜಾಗಕ್ಕೆಲ್ಲ ತಾಮ್ರ ತುಂಬಿದ್ದು ಮಾಮೂಲಿ ಸರ್ಕ್ಯೂಟ್‌ಗೆ ಒಳ್ಳೆಯ ಅಭ್ಯಾಸವೇ. ಆದರೆ ವಿನ್ಯಾಸದ ಸಾಫ್ಟ್‌ವೇರ್‌ಗೆ ಆಂಟೆನಾ ಯಾವುದು ಅಂತ ಗೊತ್ತಿಲ್ಲ. ನೀವು ನಿಷೇಧದ ವಲಯ ಗುರುತು ಮಾಡದಿದ್ದರೆ ಅದು ಆಂಟೆನಾ ಕೆಳಗೂ ಸುರಿದುಬಿಡುತ್ತದೆ.

ಹೊಸ ಬೋರ್ಡ್‌ನಲ್ಲಿ ಮಾಡ್ಯೂಲ್ ಅಂಚಿಗೆ ಬರಲಿ. ಆಂಟೆನಾ ಇರುವ ತುದಿ ಬೋರ್ಡ್‌ನಿಂದ ಆಚೆಗೆ ಚಾಚಿಕೊಂಡಿದ್ದರೆ ಎಲ್ಲಕ್ಕಿಂತ ಉತ್ತಮ. ಹಾಗೆ ಚಾಚಿದರೆ ಏಟು ಬೀಳುತ್ತದೆ ಅನ್ನುವ ಭಯ ಇದ್ದರೆ, ಆಂಟೆನಾ ಕೆಳಗಿನ ಬೋರ್ಡನ್ನು ಕಿಟಕಿಯ ಹಾಗೆ ಕತ್ತರಿಸಿ. ಅದೂ ಆಗದಿದ್ದರೆ ಆ ಜಾಗದಲ್ಲಿ ಯಾವ ಪದರದಲ್ಲೂ ತಾಮ್ರ, ಟ್ರೇಸ್ (ವೈರ್‌ನ ಕೆಲಸ ಮಾಡುವ ತಾಮ್ರದ ಗೆರೆ), ವಯಾ (ಪದರಗಳನ್ನು ಜೋಡಿಸುವ ತಾಮ್ರ ಲೇಪಿತ ತೂತು), ಸ್ಕ್ರೂ ಏನೂ ಇರಬಾರದು. ಆಂಟೆನಾದ ಸುತ್ತ 15 ಮಿಲಿಮೀಟರ್ ಜಾಗ ಖಾಲಿ ಬಿಡಿ ಅಂತ ತಯಾರಕರಾದ ಎಸ್ಪ್ರೆಸಿಫ್ ಕೂಡ ತಮ್ಮ ಮಾರ್ಗಸೂಚಿಯಲ್ಲಿ ಹೇಳುತ್ತಾರೆ. ಕನೆಕ್ಟರ್‌ಗಳಿಗಾಗಿ ಮಾಡ್ಯೂಲನ್ನು ನಡುವೆ ತಳ್ಳಿದಿರಿ. ಆ ಆದ್ಯತೆಯನ್ನು ತಿರುಗಿಸಿ. ಮೊದಲು ಆಂಟೆನಾ ತನ್ನ ಜಾಗ ಆರಿಸಿಕೊಳ್ಳಲಿ, ಆಮೇಲೆ ಉಳಿದವರೆಲ್ಲ ಹೊಂದಿಕೊಳ್ಳಲಿ. ಈ ಒಂದು ನಿರ್ಧಾರ ಸರಿಯಾದರೆ ಉಳಿದ ಕೆಲಸ ಅರ್ಧ ಹಗುರವಾಗುತ್ತದೆ.

ಆಂಟೆನಾದ ಗೆರೆಯಿಂದ ಈಚೆಗೆ ಮಾತ್ರ ಗ್ರೌಂಡ್ ಧಾರಾಳವಾಗಿರಲಿ. ಕೆಳಗಿನ ಪದರ ಆದಷ್ಟು ಒಂದೇ ಹಾಳೆಯ ಹಾಗಿರಲಿ. ಉದ್ದ ಟ್ರೇಸ್ ಒಂದು ಅದನ್ನು ಎರಡು ತುಂಡು ಮಾಡಿಬಿಟ್ಟರೆ ಗ್ರೌಂಡ್ ಕರೆಂಟ್ ಸುತ್ತುಬಳಸಿ ಹೋಗಬೇಕಾಗುತ್ತದೆ. ಮೇಲಿನ ಗ್ರೌಂಡನ್ನು ಕೆಳಗಿನದಕ್ಕೆ ವಯಾಗಳಿಂದ ಹೊಲಿಯಿರಿ, ಅಂಚಿನುದ್ದಕ್ಕೂ 3 ಮಿಲಿಮೀಟರ್‌ಗೆ ಒಂದರಂತೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 12.5 ಸೆಂಟಿಮೀಟರ್, ಬೋರ್ಡ್‌ನ ಫೈಬರ್‌ಗ್ಲಾಸ್ ಒಳಗೆ ಸುಮಾರು 6 ಸೆಂಟಿಮೀಟರ್. ಅದರ ಇಪ್ಪತ್ತನೇ ಒಂದು ಭಾಗ 3 ಮಿಲಿಮೀಟರ್. ಈ ಅಂಕಿ ಬಂದದ್ದು ಹಾಗೆ. ಮಾಡ್ಯೂಲ್ ಹೊಟ್ಟೆಯ ಅಡಿಯಲ್ಲಿರುವ ದೊಡ್ಡ ಗ್ರೌಂಡ್ ಪ್ಯಾಡ್‌ಗೂ ಹತ್ತಾರು ವಯಾ ಕೊಡಿ.

ಹೊಸ ಬೋರ್ಡ್‌ಗೆ ಆರ್ಡರ್ ಕೊಡುವ ಮುಂಚೆ ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿದರೆ ಒಂದು ಪ್ರಯೋಗ ಇದೆ. ಬಿಡಿಭಾಗ ಹಾಕದ ಖಾಲಿ ಬೋರ್ಡ್ ಒಂದು ನಿಮ್ಮ ಹತ್ತಿರ ಉಳಿದಿರಬಹುದು. ಆಂಟೆನಾ ಶುರುವಾಗುವ ಗೆರೆಗೆ ಸರಿಯಾಗಿ ಅದನ್ನು ಗರಗಸದಲ್ಲಿ ಕೊಯ್ದುಬಿಡಿ. ಕೊಯ್ದ ಅಂಚಿನಲ್ಲಿ ಎರಡು ಪದರದ ತಾಮ್ರ ಒಂದಕ್ಕೊಂದು ತಾಗಿಲ್ಲ ಅಂತ ಮೀಟರ್ ಇಟ್ಟು ನೋಡಿಕೊಳ್ಳಿ. ಉಳಿದ ತುಂಡಿಗೆ ಮಾಡ್ಯೂಲ್ ಬೆಸುಗೆ ಹಾಕಿ, ಬೇಕಾದ ಎರಡು ಮೂರು ರೆಸಿಸ್ಟರ್, ಕೆಪಾಸಿಟರ್ ಮಾತ್ರ ಕೂರಿಸಿ. 3.3 ವೋಲ್ಟನ್ನು ಗಿಡ್ಡ ವೈರ್‌ಗಳಲ್ಲಿ ನೇರ ಕೊಡಿ. ಆಮೇಲೆ ಡೆವಲಪ್‌ಮೆಂಟ್ ಬೋರ್ಡ್, ನಿಮ್ಮ ಹಳೇ ಬೋರ್ಡ್, ಈ ಕೊಯ್ದ ಬೋರ್ಡ್ ಮೂರನ್ನೂ ಸರದಿಯಲ್ಲಿ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಇಟ್ಟು ಸಿಗ್ನಲ್ ಬಲ ಓದಿ. ಮಾಡ್ಯೂಲ್ ತಾನೇ ಆ ಅಂಕಿಯನ್ನು ಡಿಬಿಎಂ ಲೆಕ್ಕದಲ್ಲಿ ಕೊಡುತ್ತದೆ. ಒಂದೇ ಸಲ ಓದಿ ನಂಬಬೇಡಿ. ನೂರು ಸಲ ಓದಿ ಸರಾಸರಿ ತೆಗೆಯಿರಿ. ಬೋರ್ಡನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಮತ್ತೆ ಓದಿ. 3ರಿಂದ 5 ಡೆಸಿಬಲ್ ಆಚೀಚೆ ಆಗುವುದು ಸಹಜ. 15, 20 ಡೆಸಿಬಲ್ ವ್ಯತ್ಯಾಸ ಬಂದರೆ ಕಳ್ಳ ಸಿಕ್ಕ ಹಾಗೆ.

ಇನ್ನು ರೀಸೆಟ್.

ಡೆವಲಪ್‌ಮೆಂಟ್ ಬೋರ್ಡ್‌ಗಳಲ್ಲಿ ಎಎಂಎಸ್1117 ಸಾಮಾನ್ಯ. ಅದನ್ನೇ ನೋಡಿ ನೀವೂ ಹಾಕಿದಿರಿ ಅಂತ ಕಾಣುತ್ತದೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ಅಲ್ಲಿ ಯುಎಸ್‌ಬಿಯಿಂದ 5 ವೋಲ್ಟ್ ಬರುತ್ತದೆ. ಈ ರೆಗ್ಯುಲೇಟರ್ ಜಾಸ್ತಿ ಕರೆಂಟ್ ಕೊಡುವಾಗ ತನಗೆ ಅಂತ ಸುಮಾರು 1.1 ವೋಲ್ಟ್ ಇಟ್ಟುಕೊಳ್ಳುತ್ತದೆ. 5ರಿಂದ ಅಷ್ಟು ಕಳೆದರೂ 3.9 ಉಳಿಯುತ್ತದೆ, 3.3 ಕೊಡಲು ತೊಂದರೆ ಇಲ್ಲ. ನಿಮ್ಮ ಲಿಥಿಯಂ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಕಳೆದರೆ 3.1. ಸೆಲ್ 3.7ಕ್ಕೆ ಇಳಿದಾಗ ಉಳಿಯುವುದು 2.6. ಮಾಡ್ಯೂಲ್‌ಗೆ ಬೇಕಾದದ್ದು ಕನಿಷ್ಠ 3.0 ವೋಲ್ಟ್. ಚಾರ್ಜ್ ಮಾಡಿದ ಹೊಸದರಲ್ಲಿ ಹೇಗೋ ನಡೆದು, ಆಮೇಲೆ ರೀಸೆಟ್ ಜಾಸ್ತಿ ಆಗುತ್ತಿದೆಯೇ ಅಂತ ಗಮನಿಸಿ. ಆಗುತ್ತಿದ್ದರೆ ಕಾರಣ ಇದೇ. ಸೀರಿಯಲ್ ಪೋರ್ಟ್‌ನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್’ (ವೋಲ್ಟೇಜ್ ತೀರಾ ಇಳಿದಾಗ ಚಿಪ್ಪನ್ನು ರೀಸೆಟ್ ಮಾಡುವ ಕಾವಲುಗಾರ) ಅನ್ನುವ ಸಂದೇಶವೂ ಕಾಣಿಸಬೇಕು. ಕೆಲವರು ಸಾಫ್ಟ್‌ವೇರ್‌ನಲ್ಲಿ ಆ ಡಿಟೆಕ್ಟರನ್ನೇ ಆಫ್ ಮಾಡಿಬಿಡಿ ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಮಾಡಬೇಡಿ. ವೋಲ್ಟೇಜ್ ಬಿದ್ದ ಹೊತ್ತಿನಲ್ಲಿ ಫ್ಲ್ಯಾಶ್ ಮೆಮೊರಿಗೆ ಬರೆಯುವ ಕೆಲಸ ನಡೆಯುತ್ತಿದ್ದರೆ ಡೇಟಾ ಕೆಟ್ಟುಹೋಗಬಹುದು.

ಈ ಮಾಡ್ಯೂಲ್ ಸುಮ್ನೆ ಕೂತಾಗ ಕೆಲವೇ ಹತ್ತು ಮಿಲಿಆಂಪಿಯರ್ ತಿನ್ನುತ್ತದೆ. ಪ್ರಸಾರ ಶುರುವಾದ ಕ್ಷಣ 240 ಮಿಲಿಆಂಪಿಯರ್ ಹತ್ತಿರ ಹೋಗುತ್ತದೆ, ಕೆಲವೊಮ್ಮೆ ಇನ್ನೂ ಮೇಲೆ. ಹಾಗಾಗಿ 500 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚು ಕೊಡಬಲ್ಲ ಪವರ್ ಇರಲಿ ಅಂತ ತಯಾರಕರ ಸಲಹೆ. ಮಲ್ಟಿಮೀಟರ್‌ನಲ್ಲಿ ಈ ಏರಿಳಿತ ಕಾಣುವುದಿಲ್ಲ, ಅದು ಸರಾಸರಿ ತೋರಿಸಿ ಎಲ್ಲ ಸರಿಯಿದೆ ಅನ್ನುತ್ತದೆ. ಆಸಿಲೋಸ್ಕೋಪ್ ಇದ್ದರೆ ಮಾಡ್ಯೂಲ್‌ನ 3.3 ವೋಲ್ಟ್ ಪಿನ್ನಿನ ಮೇಲೇ ಪ್ರೋಬ್ ಇಟ್ಟು, 3 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಟ್ರಿಗರ್ ಆಗುವಂತೆ ಮಾಡಿ. ಪ್ರೋಬ್‌ನ ಉದ್ದ ಗ್ರೌಂಡ್ ವೈರ್ ಬೇಡ, ಗಿಡ್ಡ ಸ್ಪ್ರಿಂಗ್ ಬಳಸಿ. ಆಸಿಲೋಸ್ಕೋಪ್ ಇಲ್ಲದಿದ್ದರೆ 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರನ್ನು 3.3 ವೋಲ್ಟ್ ಮತ್ತು ಗ್ರೌಂಡ್ ನಡುವೆ ತಾತ್ಕಾಲಿಕವಾಗಿ ಬೆಸೆದು ನೋಡಿ. ರೀಸೆಟ್ ಕಮ್ಮಿಯಾದರೆ ಪವರ್‌ದೇ ತೊಂದರೆ ಅಂತ ಗೊತ್ತಾಗುತ್ತದೆ. ಇದು ರೋಗ ಗುರುತಿಸಲು ಮಾತ್ರ, ಮದ್ದಲ್ಲ. ಸೆಲ್ ಇನ್ನಷ್ಟು ಇಳಿದ ದಿನ ಅದೇ ಗೋಳು ವಾಪಸ್ ಬರುತ್ತದೆ.

ಮದ್ದು ಎಂದರೆ ರೆಗ್ಯುಲೇಟರ್ ಬದಲಾಯಿಸುವುದು. ಎಪಿ2112 ಥರದ್ದು 600 ಮಿಲಿಆಂಪಿಯರ್ ಕೊಡುತ್ತದೆ, ತನಗೆ ಅಂತ ಇಟ್ಟುಕೊಳ್ಳುವುದು ಪೂರ್ತಿ ಹೊರೆಯಲ್ಲೂ ಕಾಲು ವೋಲ್ಟ್ ಆಸುಪಾಸು. ಸೆಲ್ 3.4 ವೋಲ್ಟ್‌ಗೆ ಇಳಿಯುವವರೆಗೂ ನೆಮ್ಮದಿಯಿಂದ ನಡೆಯುತ್ತದೆ. ಇನ್ನೊಂದು ಲಾಭವೂ ಇದೆ. ಎಎಂಎಸ್1117 ಏನೂ ಕೆಲಸ ಇಲ್ಲದಾಗಲೂ ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತದೆ. ಮಾಡ್ಯೂಲನ್ನು ನೀವು ಎಷ್ಟೇ ಗಾಢ ನಿದ್ದೆಗೆ ಕಳಿಸಿದರೂ ಸೆಲ್ ಖಾಲಿಯಾಗುತ್ತಲೇ ಇರುತ್ತದೆ. ಎಪಿ2112 ಕುಡಿಯುವುದು ಅದರ ನೂರನೇ ಒಂದು ಭಾಗದಷ್ಟು. ಸೆಲ್‌ನ ಕೊನೆಯ ಹನಿಯವರೆಗೂ ಬಳಸಬೇಕು ಅಂತಿದ್ದರೆ ವೋಲ್ಟೇಜನ್ನು ಇಳಿಸಲೂ ಏರಿಸಲೂ ಬಲ್ಲ ಬಕ್-ಬೂಸ್ಟ್ ರೆಗ್ಯುಲೇಟರ್ ಹಾಕಿ. ಆದರೆ ಅದರ ಇಂಡಕ್ಟರ್ ಆಂಟೆನಾದಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ಬೋರ್ಡ್‌ನ ಇನ್ನೊಂದು ತುದಿಯಲ್ಲಿ ಇರಲಿ.

ಮಾಡ್ಯೂಲ್‌ನ ಪವರ್ ಪಿನ್ ಪಕ್ಕದಲ್ಲೇ 10 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಪಕ್ಕದಲ್ಲೇ ಅಂದರೆ ಎರಡು ಮೂರು ಮಿಲಿಮೀಟರ್ ಒಳಗೆ. ಸೆರಾಮಿಕ್ ಕೆಪಾಸಿಟರ್ ಮೇಲೆ ಬರೆದ ಅಂಕಿ ಪೂರ್ತಿ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಅದರ ಮೇಲೆ ವೋಲ್ಟೇಜ್ ಇದ್ದಾಗ ಅದರ ಮೈಕ್ರೋಫ್ಯಾರಡ್ ಲೆಕ್ಕ ಇಳಿಯುತ್ತದೆ, ಸಣ್ಣ ಗಾತ್ರದ್ದರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನಾನು ಯಾವಾಗಲೂ 22 ಮೈಕ್ರೋಫ್ಯಾರಡ್‌ನದ್ದು ಇನ್ನೊಂದು ಸೇರಿಸುತ್ತೇನೆ. ಪವರ್ ಟ್ರೇಸ್ ಅಗಲವಾಗಿರಲಿ, 1 ಮಿಲಿಮೀಟರ್ ಇದ್ದರೆ ಒಳ್ಳೆಯದು.

ಹೊರಗಿನ ಆಂಟೆನಾ ಬಗ್ಗೆ ಕೇಳಿದಿರಿ. ನಿಮ್ಮ ಡಬ್ಬಿ ಲೋಹದ್ದಾದರೆ ಅದು ಬೇಕೇ ಬೇಕು, ಬೇರೆ ದಾರಿಯೇ ಇಲ್ಲ. ವ್ರೂಮ್-32ಯುಇ ಅನ್ನುವ ರೂಪದಲ್ಲಿ ಸಣ್ಣ ಕನೆಕ್ಟರ್ ಕೊಟ್ಟಿರುತ್ತಾರೆ. ಡಬ್ಬಿ ಪ್ಲಾಸ್ಟಿಕ್ ಆಗಿದ್ದರೆ ಅದರ ಗೊಡವೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ಪುಟ್ಟ ಯು.ಎಫ್‌ಎಲ್ ಕನೆಕ್ಟರ್‌ಗಳು ಸುಮಾರು 30 ಸಲ ಹಾಕಿ ತೆಗೆಯಲು ಮಾತ್ರ ಮಾಡಿದವು. ಕೇಬಲ್ ಸಡಿಲವಾದರೆ ಇನ್ನೊಂದು ತಲೆನೋವು.

ಮುಂದೆ ಯಾವಾಗಲಾದರೂ ಲೋರಾ (ಕಮ್ಮಿ ಶಕ್ತಿಯಲ್ಲಿ ಬಹಳ ದೂರ ಕಳಿಸುವ ರೇಡಿಯೊ) ಮಾಡ್ಯೂಲ್ ಕಡೆ ಹೋದರೆ ಅಲ್ಲಿ ಸಾಮಾನ್ಯವಾಗಿ ಆಂಟೆನಾ ಇರುವುದಿಲ್ಲ, ಒಂದು ಪಿನ್ ಮಾತ್ರ ಇರುತ್ತದೆ. ಅಲ್ಲಿಂದ ಆಂಟೆನಾವರೆಗೆ 50 ಓಮ್‌ನ ಟ್ರೇಸ್ ಎಳೆಯುವುದು ನಿಮ್ಮ ಹೊಣೆ. 1.6 ಮಿಲಿಮೀಟರ್ ದಪ್ಪದ ಎರಡು ಪದರದ ಬೋರ್ಡ್‌ನಲ್ಲಿ ಅದರ ಅಗಲ ಸುಮಾರು 3 ಮಿಲಿಮೀಟರ್ ಆಗುತ್ತದೆ. ಎರಡೂ ಪಕ್ಕದಲ್ಲಿ ಹತ್ತಿರ ಗ್ರೌಂಡ್ ಇಟ್ಟರೆ ಇನ್ನೂ ಸಣ್ಣದಾಗುತ್ತದೆ, ಕ್ಯಾಲ್ಕ್ಯುಲೇಟರ್‌ನಲ್ಲಿ ಲೆಕ್ಕ ಹಾಕಿಕೊಳ್ಳಿ. ದಾರಿಯಲ್ಲಿ ಮೂರು ಬಿಡಿಭಾಗಗಳಿಗೆ ಪ್ಯಾಡ್ ಬಿಡಿ. ನಡುವಿನದಕ್ಕೆ ಸದ್ಯಕ್ಕೆ 0 ಓಮ್, ಆಚೀಚಿನವು ಖಾಲಿ. ಆಮೇಲೆ ಆಂಟೆನಾ ಶ್ರುತಿ ಮಾಡಬೇಕಾಗಿ ಬಂದರೆ ಆ ಪ್ಯಾಡ್‌ಗಳೇ ಕಾಪಾಡುತ್ತವೆ. ಆಂಟೆನಾ ಹಾಕದೆ ಮಾತ್ರ ಪ್ರಸಾರ ಶುರು ಮಾಡಬೇಡಿ. ವಾಪಸ್ ಬಂದ ಶಕ್ತಿ ಚಿಪ್‌ಗೆ ಪೆಟ್ಟು ಕೊಡಬಹುದು.

ಬೂಟ್ ಪಿನ್‌ಗಳು, ಅಂದರೆ ಚಿಪ್ ಆನ್ ಆಗುವಾಗ ಹೇಗೆ ಶುರುವಾಗಬೇಕು ಅಂತ ನಿರ್ಧರಿಸುವ ಪಿನ್‌ಗಳು, ಮತ್ತು ಇನ್ನು ಕೆಲವು ಪಿನ್‌ಗಳ ಬಗ್ಗೆಯೂ ಎರಡು ಮಾತು. ನೀವು ಕೇಳಿಲ್ಲ, ಆದರೆ ಹೊಸ ಬೋರ್ಡ್ ಮಾಡಿಸುವ ಮುಂಚೆ ಗೊತ್ತಿದ್ದರೆ ಒಳ್ಳೆಯದು. ಚಿಪ್ ಆನ್ ಆಗುವ ಹೊತ್ತಿನಲ್ಲಿ ಜಿಪಿಐಒ12 ಪಿನ್ನಿನ ವೋಲ್ಟೇಜ್ ಮೇಲಿನ ಮಟ್ಟದಲ್ಲಿದ್ದರೆ, ಫ್ಲ್ಯಾಶ್‌ಗೆ 1.8 ವೋಲ್ಟ್ ಬೇಕು ಅಂತ ಚಿಪ್ ತಿಳಿದುಕೊಂಡು ಬೂಟ್ ಆಗುವುದಿಲ್ಲ. ಅಲ್ಲಿ ಪುಲ್-ಅಪ್ ಇರುವ ಸೆನ್ಸರ್ ಜೋಡಿಸಬೇಡಿ. ಚಿಪ್‌ನಲ್ಲಿ ವೋಲ್ಟೇಜ್ ಅಳೆದು ಅಂಕಿಯಾಗಿಸುವ ಭಾಗಗಳು ಎರಡಿವೆ, ಎಡಿಸಿ1 ಮತ್ತು ಎಡಿಸಿ2. ತೇವದ ಸೆನ್ಸರ್ ಅನಲಾಗ್ ಆಗಿದ್ದರೆ ಎಡಿಸಿ1ರ ಪಿನ್ನಿಗೇ ಕೊಡಿ. ವೈಫೈ ನಡೆಯುವಾಗ ಎಡಿಸಿ2 ನಿಮಗೆ ಸಿಗುವುದಿಲ್ಲ. ಚಿಪ್ಪನ್ನು ಎಬ್ಬಿಸುವ ಇಎನ್ ಪಿನ್ನಿಗೆ 3.3 ವೋಲ್ಟ್ ಕಡೆ 10 ಕಿಲೋಓಮ್ ರೆಸಿಸ್ಟರ್, ಗ್ರೌಂಡ್ ಕಡೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ಪವರ್ ನೆಲೆ ನಿಂತ ಮೇಲೆ ಚಿಪ್ ಏಳುತ್ತದೆ. ಟಿಎಕ್ಸ್, ಆರ್‌ಎಕ್ಸ್, ಇಎನ್, ಜಿಪಿಐಒ0, 3.3 ವೋಲ್ಟ್, ಗ್ರೌಂಡ್ ಇವಿಷ್ಟಕ್ಕೂ ಟೆಸ್ಟ್ ಪಾಯಿಂಟ್ ಬಿಡಿ.

ಇದನ್ನು ಮಾರುವ ಯೋಚನೆ ಇದ್ದರೆ ಪ್ರಮಾಣಪತ್ರದ ವಿಷಯವೂ ಬರುತ್ತದೆ. ಮಾಡ್ಯೂಲ್‌ಗೆ ಮೊದಲೇ ರೇಡಿಯೊ ಮಂಜೂರಾತಿ ಇರುತ್ತದೆ. ಚಿಪ್ ಬಿಟ್ಟು ಮಾಡ್ಯೂಲ್ ಕೊಳ್ಳುವುದರ ದೊಡ್ಡ ಲಾಭವೇ ಅದು. ಆದರೆ ಆ ಮಂಜೂರಾತಿ ಅದರ ಜೊತೆ ಪರೀಕ್ಷಿಸಿದ ಆಂಟೆನಾಕ್ಕೆ ಅಂಟಿಕೊಂಡಿರುತ್ತದೆ. ಬೇರೆ ಬಗೆಯದ್ದು ಅಥವಾ ಹೆಚ್ಚು ಗೇನ್ ಇರುವುದು ಹಾಕಿದರೆ ಮತ್ತೆ ಪರೀಕ್ಷೆಗೆ ಹೋಗಬೇಕಾಗಬಹುದು. ನಿಮ್ಮ ಬೋರ್ಡ್‌ನ ಉಳಿದ ಸರ್ಕ್ಯೂಟ್ ಹೊರಗೆ ಬಿಡುವ ಗದ್ದಲದ ಪರೀಕ್ಷೆ ಹೇಗಿದ್ದರೂ ಬೇರೆಯೇ.

ಕೊನೆಯದಾಗಿ ಡಬ್ಬಿ. ಇದರಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಬೋರ್ಡ್‌ನಲ್ಲಿ ಆಂಟೆನಾ ಅಂಚಿಗಿತ್ತು, ಕೆಳಗೆ ಚೂರೂ ತಾಮ್ರ ಇರಲಿಲ್ಲ, ಮೇಜಿನ ಮೇಲೆ ಬಹಳ ಚೆನ್ನಾಗಿ ನಡೆಯುತ್ತಿತ್ತು. ಡಬ್ಬಿ ಮುಚ್ಚಿದ ಕೂಡಲೇ ಸಿಗ್ನಲ್ ಸತ್ತುಹೋಯಿತು. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು, ಮುಚ್ಚಳದಲ್ಲಿದ್ದ ಡಿಸ್‌ಪ್ಲೇಯ ಲೋಹದ ಚೌಕಟ್ಟು ಸರಿಯಾಗಿ ಆಂಟೆನಾ ಮೇಲೆ, ಕೆಲವೇ ಮಿಲಿಮೀಟರ್ ಅಂತರದಲ್ಲಿ ಬಂದು ಕೂರುತ್ತಿತ್ತು. ಬೋರ್ಡ್‌ನಲ್ಲಿ ತಾಮ್ರ ಇಲ್ಲದಿದ್ದರೇನು, ಮುಚ್ಚಳ ಅದನ್ನು ಹೊತ್ತು ತಂದಿತ್ತು. ನಿಮ್ಮ ಲಿಥಿಯಂ ಸೆಲ್ ಕೂಡ ಒಂದು ಲೋಹದ ಗಟ್ಟಿ. ಸೆನ್ಸರ್‌ಗೆ ಹೋಗುವ ವೈರ್‌ಗಳೂ ಲೋಹವೇ, ಅವು ಆಂಟೆನಾ ಪಕ್ಕ ಹಾದುಹೋಗಬಾರದು. ಒದ್ದೆ ಮಣ್ಣು ಸಿಗ್ನಲನ್ನು ಹೀರಿಕೊಳ್ಳುತ್ತದೆ, ಹಾಗಾಗಿ ಸಾಧನ ನೆಟ್ಟಾಗ ಆಂಟೆನಾ ಇರುವ ತುದಿ ಮೇಲ್ಗಡೆ ಇರಲಿ, ನೆಲದಿಂದ ಎಷ್ಟು ಎತ್ತರವೋ ಅಷ್ಟು ಒಳ್ಳೆಯದು.

ಅದಕ್ಕೇ ಹೊಸ ವಿನ್ಯಾಸವನ್ನು ಆರ್ಡರ್ ಮಾಡುವ ಮುಂಚೆ ಕಾಗದದ ಮೇಲೆ ಅದೇ ಅಳತೆಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿ ಡಬ್ಬಿಯೊಳಗೆ ಇಡಿ. ಮಾಡ್ಯೂಲನ್ನು ಅದರ ಜಾಗದಲ್ಲಿ ಅಂಟಿಸಿ. ಸೆಲ್, ವೈರ್, ಸ್ಕ್ರೂ ಎಲ್ಲ ಹಾಕಿ ನೋಡಿ. ಆಂಟೆನಾದ ಸುತ್ತ ಎಲ್ಲ ಕಡೆಯಿಂದಲೂ, ಮೇಲೆ ಕೆಳಗೆ ಸೇರಿ, 15 ಮಿಲಿಮೀಟರ್ ಜಾಗ ಖಾಲಿ ಇದೆಯೇ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಇಲ್ಲದಿದ್ದರೆ ಅಲ್ಲೇ ಸೆಲ್ ಸರಿಸಿ, ಕನೆಕ್ಟರ್ ತಿರುಗಿಸಿ. ರಟ್ಟನ್ನು ಎಷ್ಟು ಸಲ ಬೇಕಾದರೂ ಕತ್ತರಿಸಬಹುದು.